ಹುಚ್ಚಪ್ಪನ ಪಾನಿ

"ಮೊದಲು ನೀ ತಿನ್ನು," ಎಂದು ಮಲಿಕಾಬಿ ಪಾನಿ ತುಂಬಿದ ಪುರಿಯನ್ನು ಹುಚ್ಚಪ್ಪನ ಬಾಯಿಗೇ ಹಿಡಿದಳು. ಕುಂದಗೋಳ ಬಸ್‌ಸ್ಟ್ಯಾಂಡಿನ ಮುಂದೆ ಅವನ ಪಾನಿಪುರಿ ಗಾಡಿ ಸುತ್ತ ನಿಂತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.

"ಯಾಕ್ರಿ ಚಾಚಿ, ಏನಾತು?"

"ನಿನ್ನಿ ನಿನ್ನ ಗಾಡಿ ಮ್ಯಾಲೆ ತಿಂದು ನನ್ನ ಮೊಮ್ಮಗಳು ಮುಬಶಿರಾ ರಾತ್ರಿಯೆಲ್ಲಾ ವಾಂತಿ ಮಾಡ್ಯಾಳ. ಇವತ್ತ ತಾಲೂಕಿನ ಕಬಡ್ಡಿ ಇತ್ತು. ಎದುರಿನವರ ಕಾಲು ಹಿಡಿಯೂ ಹುಡುಗಿ ಹೊಟ್ಟಿ ಹಿಡ್ಕೊಂಡು ಮಲಗ್ಯಾಳ!"

"ಬಿಸಲಿಗೆ ಆಗಿರಬೇಕ್ರಿ. ನನ್ನ ಪಾನಿ ಅಗದಿ ಚಲೋ ಐತಿ."

"ಚಲೋ ಐತಂದ್ರ ಕುಡಿ."

ಗಾಡಿ ಹಚ್ಚಿದಾಗಿನಿಂದ ಹುಚ್ಚಪ್ಪ ತನ್ನ ಪಾನಿಯನ್ನು ಬಾಯಿಗೆ ಹಾಕಿದವನಲ್ಲ. ಹುಳಿ ಅಂದರೆ ಅವನ ಹಲ್ಲು ಜುಮ್ ಎನ್ನುತ್ತಿದ್ದವು. ಆದರೆ ಇಷ್ಟು ಮಂದಿ ನೋಡುವಾಗ ಹಿಂದೆ ಸರಿಯುವುದುಂಟೆ? ಪುರಿ ಬದಿಗಿಟ್ಟು ಗಡಿಗೆಗೆ ಲೋಟವನ್ನೇ ಅದ್ದಿದ. ಕಣ್ಣು ಮುಚ್ಚಿ ಗಟಗಟ ಕುಡಿದ. ಇನ್ನೊಂದು ಲೋಟ ಏರಿಸಿ ಮೀಸೆ ಒರೆಸಿಕೊಂಡ. ಯಾರೋ ಸಿಳ್ಳೆ ಹೊಡೆದರು. ಮಲಿಕಾಬಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಮನೆಗೆ ನಡೆದಳು.

ಮರುದಿನ ಸಂಜೆ ಗಾಡಿ ನಿಲ್ಲುವ ಜಾಗದಲ್ಲಿ ಒಂದು ಆಡು ಮಲಗಿತ್ತು. ಹುಚ್ಚಪ್ಪ ಹಾಸಿಗೆ ಹಿಡಿದಿದ್ದಾನೆ, ಹೆಂಡತಿ ಬೇರೆ ತವರಿಗೆ ಹೋಗಿದ್ದಾಳೆ ಎಂದು ಬಾಜೂಕಿನ ಬಾಳೆಹಣ್ಣಿನವಳು ಹೇಳಿದಾಗ ಮಲಿಕಾಬಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದು ಒಲೆ ಮುಂದೆ ಕೂತರೂ ನಗು ನಿಲ್ಲಲಿಲ್ಲ. ಆದರೂ ಮುಬಶಿರಾಗೆ ಕಾಸಿದ ಗಂಜಿಯಲ್ಲಿ ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು, ಓಆರ್‌ಎಸ್ ಪುಡಿಯ ಪಾಕೀಟು ಹಿಡಿದು ಅವನ ಮನೆಗೆ ಹೋದಳು.

ಹುಚ್ಚಪ್ಪ ಬಾಗಿಲು ತೆಗೆದವನೇ "ಬಂದೆ ಚಾಚಿ" ಎಂದು ಪಾಯಖಾನೆಗೆ ಓಡಿದ. ಮಾತೆಲ್ಲ ಅದರ ತಗಡಿನ ಬಾಗಿಲಿನ ಆಚೆ-ಈಚೆಯೇ ನಡೆಯಿತು.

"ಪಾನಿಗೆ ಎಲ್ಲೀ ನೀರ ಹಾಕಿದ್ದಿ?"

"ಬ್ಯಾರಲ್‌ನ್ಯಾಗಿಂದ್ರಿ. ನಳ ಬಂದು ಭಾಳ ದಿನಾ ಆತು."

"ಕುದಿಸಿದ್ದೇನು?"

"ಪಾನಿ ತಣ್ಣಗಿರಬೇಕಲ್ರಿ ಚಾಚಿ."

"ಕುದಿಸಿದ್ದು ಆರೂದಿಲ್ಲೇನು, ಖೋಡಿ?"

ಒಳಗಿನಿಂದ ನರಳಾಟ. ಆಮೇಲೆ, "ಇನ್ನ ಮ್ಯಾಲೆ ಕುದಿಸಿ ಆರಿಸಿದ್ದನ್ನ ಹಾಕ್ತೀನ್ರಿ. ಆಣಿ ಮಾಡ್ತೀನಿ."

"ನಿನ್ನಿ ಉಳದ ಪಾನಿ ಚೆಲ್ಲಿದಿ ಹೌದಲ್ಲೋ?"

ಒಳಗೆ ತಂಬಿಗೆಯಿಂದ ನೀರು ಸುರಿದ ಸದ್ದಾಯಿತು.

"ಎಲ್ಲಿ ಉಳೀತ್ರಿ? ನಾ ಕುಡಿದಿದ್ದು ನೋಡಿ ಎಲ್ಲಾರಿಗೂ ಧೈರ್ಯಾ ಬಂತು. ನೀವು ಹೋದ ಮ್ಯಾಲೆ ಮಂದಿ ಮುಗಿಬಿದ್ದು ತಿಂದ್ರು. ಗಡಿಗಿ ತಳಾ ಕಂಡಿತು."

ಮಲಿಕಾಬಿ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಗಂಜಿ ಒಬ್ಬರಿಗೆ ಸಾಕಾಗುವಷ್ಟೇ ಇತ್ತು.