ಕೂರದ ತಗಡು

"ಕೂರಲ್ಲ ಅಂದ್ರೆ ಕೂರಲ್ಲ!" ಎಂದು ತಮ್ಮ ಸುತ್ತಿಗೆಯನ್ನು ಬಿಸುಟ. ಅಮ್ಮ ಒಂದು ಕಾಲಕ್ಕೆ ಓಡಿಸುತ್ತಿದ್ದ ಹಳೆಯ ಕಾರನ್ನು ರಿಪೇರಿ ಮಾಡಿ ಮತ್ತೆ ಅವಳ ಕೈಗೇ ಕೊಡಬೇಕೆಂಬುದು ಮಕ್ಕಳಿಬ್ಬರ ಹಟ. ಚಾಲಕನ ಕಾಲಡಿಯ ನೆಲವನ್ನು ತುಕ್ಕು ತಿಂದುಹಾಕಿತ್ತು. ಅಲ್ಲಿಗೆಂದು ಅಕ್ಕ ಕತ್ತರಿಸಿದ ಮೂರನೆಯ ತಗಡೂ ಮುಂದಿನ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು.

"ನನ್ನ ಅಳತೆ ಸರಿಯಾಗೇ ಇದೆ ಕಣೋ," ಎಂದಳು ಅಕ್ಕ. ಎಡಬದಿಯ ಗಟ್ಟಿ ನೆಲದ ಮೇಲೆ ರಟ್ಟು ಹಾಸಿ ಆಕಾರ ತೆಗೆದು, ಅದನ್ನೇ ಮಗುಚಿ ಬಲಬದಿಗೆ ತಗಡು ಕತ್ತರಿಸಿದ್ದಳು. "ಕಾರಿನ ಈ ಹಳೇ ಅಂಚೇ ಸೊಟ್ಟ. ಯಾವುದೋ ಕಲ್ಲಿಗೆ ತಾಗಿ ಮೇಲೆದ್ದಿದೆ. ಬಡಿದು ಚಪ್ಪಟೆ ಮಾಡು."

"ಅದನ್ನ ಬಡೀಬೇಡಿ," ಎಂದಳು ಮನೆಬಾಗಿಲಲ್ಲಿ ನಿಂತಿದ್ದ ಅಮ್ಮ.

"ಅಮ್ಮಾ, ನೀನು ಸ್ವಲ್ಪ ಸುಮ್ನಿರ್ತೀಯಾ?" ಅಕ್ಕ ರೇಗಿದಳು.

"ಬೆಳಗ್ಗೆಯಿಂದ ಸುಮ್ನೇ ಇದ್ದೆನಲ್ಲ, ಏನು ಕಡಿದು ಗುಡ್ಡೆ ಹಾಕಿದ್ರಿ?" ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಅವಳು ಚಾಲಕನ ಸೀಟಿನಲ್ಲಿ ಕುಳಿತಳು. ತಗಡಿನ ಮೇಲೆ ಹಿಮ್ಮಡಿ ಊರಿ ಕ್ಲಚ್ಚಿನತ್ತ ಪಾದ ಚಾಚಿದಳು. ಬೆರಳ ತುದಿ ಪೆಡಲಿನ ಕೆಳಗೇ ಉಳಿಯಿತು. "ನೋಡಿದ್ರಾ? ನಾನು ಕುಳ್ಳಿ ಅಂತ ನಿಮ್ಮಪ್ಪ ಇಲ್ಲಿ ನೆಲಾನೇ ಎತ್ತಿಕೊಟ್ಟಿದ್ರು. ಅದನ್ನ ಸೊಟ್ಟ ಅಂತೀರಾ!"

ಅಕ್ಕ ಕಾರಿನ ತೆರೆದ ಬಾಗಿಲ ಬಳಿ ಮಂಡಿಯೂರಿ, ಅಮ್ಮನ ಹಿಮ್ಮಡಿಯ ಕೆಳಗೆ ಅಂಗೈ ತೂರಿಸಿ ಮೆಲ್ಲನೆ ಎತ್ತಿದಳು. ಪಾದ ಪೆಡಲಿಗೆ ತಾಗಿ ನಿಂತಿತು.

"ಅಲ್ಲಾಡ್ಬೇಡ," ಎಂದಳು. ಆಮೇಲೆ ತಮ್ಮನತ್ತ ತಿರುಗದೆಯೇ, "ಹೊಸ ರಟ್ಟು ತಗೊಂಡು ಬಾರೋ."