ಮಣ್ಣಿಲ್ಲದ ಕಣ

ಕಣದ ನೆಲ ಮುಟ್ಟಿ ನಮಸ್ಕರಿಸಲು ಉಡಚಪ್ಪ ಬಾಗಿದ. ಅಷ್ಟರಲ್ಲೇ ಎದುರಾಳಿಯ ಮುಷ್ಟಿ ಅವನ ಮೂಗಿಗೆ ಅಪ್ಪಳಿಸಿತು. ೧೯೪೮ರ ಆ ಭಾನುವಾರ, ಮ್ಯಾಂಚೆಸ್ಟರಿನ ಮುಷ್ಟಿಕಾಳಗದ ಡೇರೆ ಗೊಳ್ಳೆಂದು ನಕ್ಕಿತು.

“ಲೇ ಉಡಚ್ಯಾ, ಇದು ನಮ್ಮ ಬೆಟಗೇರಿ ಗರಡಿಮನಿ ಅಲ್ಲಲೇ! ಬಾಗಬ್ಯಾಡ, ಹೊಡಿ!” ಎಂದು ಮಾರ್ತಾಂಡ ಕೂಗಿದ. ಉಡಚಪ್ಪನ ಜೊತೆ ನೇಯ್ಗೆ ಕಲಿಯಲು ಇಂಗ್ಲೆಂಡಿಗೆ ಬಂದಿದ್ದ ಗೆಳೆಯ. ರಜೆಯ ಮೋಜಿಗೆಂದು, ಯಾರು ಬೇಕಾದರೂ ಇಳಿಯಬಹುದಾದ ಆ ಕಣಕ್ಕೆ ಉಡಚಪ್ಪನನ್ನು ದೂಡಿದವನೂ ಅವನೇ.

ಮುಂದಿನ ಏಟಿಗೆ ಹಲ್ಲು ಮುರಿದು ಉಡಚಪ್ಪ ಮೊಣಕಾಲೂರಿ ಬಿದ್ದ. ಹಣೆಗೆ ಮಣ್ಣು ಹಚ್ಚಿಕೊಳ್ಳದೆ ಎಂದೂ ಕುಸ್ತಿ ಹಿಡಿಯದವನ ಬೆರಳುಗಳು ಮರದ ಹಲಗೆಯನ್ನು ತಡಕಾಡಿದವು. ಸಿಕ್ಕಿದ್ದು ತನ್ನದೇ ಬಿಸಿ ರಕ್ತ.

“ಸಾಕು, ಇಳಿದು ಬಾರಲೇ!” ಮಾರ್ತಾಂಡ ಕಣದ ಅಂಚಿಗೆ ಓಡಿಬಂದು ಕೈಚಾಚಿದ.

ಉಡಚಪ್ಪ ಆ ರಕ್ತವನ್ನೇ ಹಣೆಗೆ ಹಚ್ಚಿಕೊಂಡು ಎದ್ದು ನಿಂತ. ಡೇರೆಯ ನಗು ನಿಂತುಹೋಯಿತು.

“ತಡಿಯಲೇ,” ಎಂದ. “ನಮಸ್ಕಾರ ಈಗ ಆತು.”