ಥರ್ಮಾಕೋಲ್ ಕಂಬ

ಗೀತಾಂಜಲಿಯ ಕೆಮ್ಮುತ್ತಿದ್ದ ಕೂಸಿನ ಬಾಯಿಗೆ ನೀಲಗಿರಿ ಎಣ್ಣೆ ಬಿಡಲು ಅವಳ ಭಾವ ಗವಿಸಿದ್ದೇಶ್ ಬಾಟಲಿ ಬಗ್ಗಿಸಿದ್ದ. ಹೊಸಪೇಟೆಯ ಹೋಟೆಲೊಂದರಲ್ಲಿ ನಡೆದ ಕಂಪನಿ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿ ಎಣ್ಣೆ ಮಾರುವ ಏಜೆಂಟನಾಗಿ ಬಂದಾಗಿನಿಂದ ಅವನ ಕೊರಳಿಗೊಂದು ಟೈ, ನಾಲಿಗೆಗೊಂದು ಡಾಕ್ಟರಿಕೆ ಅಂಟಿಕೊಂಡಿತ್ತು.

"ಗಿಡದ ಎಣ್ಣಿ ನೋಡವ್ವಾ, ಕೂಸಿಗೆ ಏನೂ ಮಾಡಂಗಿಲ್ಲ."

"ಮಂಡಿಗೆ ಹಚ್ಚೋ ಎಣ್ಣಿ ಅದು, ಕೂಸಿಗೆ ಬ್ಯಾಡ್ರಿ!" ಗೀತಾಂಜಲಿ ಕೂಸನ್ನು ಸರಕ್ಕನೆ ಎಳೆದುಕೊಂಡಳು. ಎಣ್ಣೆ ಪಕ್ಕದಲ್ಲಿದ್ದ ಗಣಪತಿ ಮಂಟಪದ ಥರ್ಮಾಕೋಲ್ ಕಂಬದ ಮೇಲೆ ಚೆಲ್ಲಿತು. ನೋಡನೋಡುತ್ತಲೇ ಕಂಬ ಕರಗಿ ತೂತು ಬಿತ್ತು.

"ಅದು ಬರೇ ಥರ್ಮಾಕೋಲ್ ಐತವ್ವಾ," ಭಾವ ಹಲ್ಲು ಕಿರಿದ.

"ಹೌದ್ರಿ. ನಿಮ್ಮ ಗಂಟಲ ಗಟ್ಟಿ ಐತಿ. ಮೊದಲ ನೀವ ಒಂದು ಗುಟುಕು ಕುಡೀರಿ."

ಗವಿಸಿದ್ದೇಶ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಪಿದ. ಎಣ್ಣೆ ತಾಗಿದ ಬೆರಳನ್ನು ಗಾಬರಿಯಿಂದ ಅದೇ ಟೈಗೆ ಒರೆಸಿಕೊಂಡ.